ಕಂಬಳಿಯ ಮೇಲೆ ಕೂತ ಪ್ರೆಸಿಡೆಂಟರು

ನಾನು ನಿಂತಿದ್ದು ಸಿದ್ದಾಪುರದ ಬೇವಿನಕಟ್ಟೆಯ ಪಡುವಲ ಮಗ್ಗುಲಲ್ಲಿ, ನೆಲಕ್ಕೆ ಹಾಸಿದ್ದ ಕರಿಕಂಬಳಿಯ ಅಂಚಿನಿಂದ ಎರಡು ಬೆರಳು ಈಚೆಗೆ. ಮಾಘ ಮಾಸ, ಸೋಮವಾರ. ಬೇವಿನ ನೆರಳು ಬುಡದ ಕಡೆಗೆ ಸರಿಯುತ್ತಿತ್ತು, ಅಂದರೆ ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಸವಿಯನ್ನು ಬರೆಯುವುದಿಲ್ಲ. ಈ ಶತಮಾನಕ್ಕೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ನೆನಪಿಲ್ಲದ್ದನ್ನು ನೆನಪಿದೆ ಎಂದು ಬರೆದರೆ, ನೆನಪಿರುವುದನ್ನೂ ನೀವು ನಂಬುವುದಿಲ್ಲ.

ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ. ಇವತ್ತು ಬೆಳಿಗ್ಗೆ ಚಳ್ಳಕೆರೆಯ ನಮ್ಮ ಮನೆಯ ಜಗಲಿಯ ಮೇಲೆ ಸೊಸೆ ಒಂದು ಹೊಸ ಕಂಬಳಿಯನ್ನು ತಂದು ಬಿಚ್ಚಿದಳು. ಹುಣಸೆಬೀಜದ ಗಂಜಿ ಕುಡಿದ ಹೊಸ ಕಂಬಳಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತು: ಅರ್ಧ ಕುರಿಹಟ್ಟಿ, ಅರ್ಧ ಅಡುಗೆಮನೆ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಬಲಗಾಲು ತಾನಾಗಿ ಹಿಂದಕ್ಕೆ ಸರಿಯಿತು. ಸೊಸೆ ಕಂಡುಬಿಟ್ಟಳು.

"ಯಾಕ್ ಮಾವ, ಕಂಬಳಿ ಕಚ್ತೈತಾ?"

ಚಳಿ ಎಂದೆ. ಚಳಿಯಾದರೆ ಕಂಬಳಿಯಿಂದ ದೂರ ಸರಿಯುವ ಮುದುಕನನ್ನು ಅವಳು ಅದೇ ಮೊದಲು ಕಂಡದ್ದಿರಬೇಕು.

ಹೋದ ವಾರದ ಸಂತೆಯಲ್ಲೂ ಒಂದು ಪ್ರಸಂಗವಾಯಿತು. ಬೆಲ್ಲ ಮಾರುವವನೊಬ್ಬ ಗಿರಾಕಿಗೆ ಹೇಳುತ್ತಿದ್ದ: "ಹಿಂದೆ ಅಮೇರಿಕದ ರಾಜ ಸಿದ್ದಾಪುರಕ್ಕೆ ಬಂದಿದ್ನಂತೆ ಕಣಣ್ಣ. ದೇವರ ಎತ್ತಿಗೆ ಅಡ್ಡಬಿದ್ದು, ಕಿರೀಟ ತೆಗೆದಿಟ್ಟು ಹೋದ್ನಂತೆ." ನಾನು ಸುಮ್ಮನೆ ಹೋಗಬಹುದಿತ್ತು. ಆದರೆ ಮೂವತ್ತು ವರ್ಷ ಮಕ್ಕಳ ಪಾಟಿಯನ್ನು ತಿದ್ದಿದ ಕೈ ಸುಮ್ಮನಿರುವುದಿಲ್ಲ. ಅಮೇರಿಕಕ್ಕೆ ರಾಜನಿಲ್ಲ ಎಂದೆ. ಬಂದವರು ಯಾರಿಗೂ ಅಡ್ಡಬೀಳಲಿಲ್ಲ ಎಂದೆ. ಉಳಿದದ್ದು ಹುಲ್ಲಿನ ಟೋಪಿ, ಅದೂ ಮರೆತು ಬಿಟ್ಟುಹೋದದ್ದು ಎಂದೆ. "ನೀವು ಕಂಡಿದ್ರಾ ಮೇಷ್ಟ್ರೇ?" ಎಂದು ಅವನು ಕೇಳಿದ. ಕಂಡಿದ್ದೆ. ಕಂಡದ್ದಷ್ಟೇ ಆಗಿದ್ದರೆ ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಬಂದವರು ಅಮೇರಿಕದ ಒಂದು ವಿಶ್ವವಿದ್ಯಾನಿಲಯದ ಪ್ರೆಸಿಡೆಂಟರು. ಒಂದು ವರ್ಷ ರಜೆ ತೆಗೆದುಕೊಂಡು ಲೋಕ ಸುತ್ತುತ್ತಿದ್ದರು. ಸಿದ್ದಾಪುರದ ಹತ್ತಿರ ಬಂಡೆಯ ಮೇಲೆ ಹಳೆಯ ರಾಜನೊಬ್ಬ ಕೆತ್ತಿಸಿದ ಅಕ್ಷರಗಳಿವೆಯಲ್ಲ, ನಮ್ಮವರು ಅಕ್ಷರಗುಂಡು ಎನ್ನುತ್ತಾರೆ, ಅದನ್ನೂ ಜಟಿಂಗ ರಾಮೇಶ್ವರದ ಬೆಟ್ಟವನ್ನೂ ನೋಡಬೇಕೆಂದು ಬಂದಿದ್ದರು. ಮೊಳಕಾಲ್ಮೂರಿನಲ್ಲಿ ಇಂಗ್ಲಿಷ್ ಬಲ್ಲವರು ಯಾರು ಎಂದು ತಾಲ್ಲೂಕಿನ ಅಮಲ್ದಾರರು ವಿಚಾರಿಸಿದಾಗ ಊರಿಗೆ ಊರೇ ನನ್ನ ಹೆಸರು ಹೇಳಿತು. ಅದಕ್ಕೆ ಊರನ್ನು ಬೈಯುವಂತಿಲ್ಲ, ಹಾಗೆಂದು ಹೇಳಿಕೊಂಡು ತಿರುಗಿದವನು ನಾನೇ. ನಾನಾಗ ಅಲ್ಲಿಯ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರು. ಅಮಲ್ದಾರರು ಕರೆಸಿ ಒಂದೇ ಮಾತು ಹೇಳಿದರು: "ದೊರೆಗೆ ಮುಜುಗರ ಆಗೋ ಒಂದು ಮಾತು ಅವರ ಕಿವಿಗೆ ಬಿದ್ರೆ, ನೀವು ಕಾಯಂ ಆಗೋದನ್ನ ಮರೆತುಬಿಡಿ." ಈ ಮಾತನ್ನು ನೀವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ನಾನಂತೂ ಆ ದಿನವೆಲ್ಲ ಅದನ್ನೇ ನೆನಪಿನಲ್ಲಿಟ್ಟುಕೊಂಡಿದ್ದೆ.

ಇಂಗ್ಲಿಷ್ ವ್ಯಾಕರಣ ನನಗೆ ಬಾಯಿಪಾಠವಾಗಿತ್ತು, ನಿಜ. ಆದರೆ ಇಂಗ್ಲಿಷ್ ಆಡುವ ಬಾಯಿಯನ್ನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಈಜುವುದು ಹೇಗೆಂದು ಪುಸ್ತಕದಲ್ಲಿ ಓದಿದವನನ್ನು ಬಾವಿಗೆ ತಳ್ಳಿದ ಹಾಗಾಯಿತು. ಪ್ರೆಸಿಡೆಂಟರು ಮೂಗಿನಿಂದ ಮಾತಾಡುತ್ತಿದ್ದರು. ಗಾಡಿಯಲ್ಲಿ ಎದುರುಬದುರು ಕೂತು ಮೊಳಕಾಲ್ಮೂರು ಬಿಟ್ಟ ಮೇಲೆ ಮೊದಲ ಹರದಾರಿಯುದ್ದಕ್ಕೂ ನಾನು "ಎಸ್ ಸರ್" ಎಂಬುದನ್ನು ಬಿಟ್ಟು ಬೇರೆ ಪದ ಬಳಸಲಿಲ್ಲ. ಗಾಡಿ ಹೊಡೆಯುತ್ತಿದ್ದ ಓಬಣ್ಣ ಹಿಂತಿರುಗಿ, "ಮೇಷ್ಟ್ರೇ, ದೊರೆ ಏನ್ ಕೇಳಿದ್ರೂ ಹೂಂ ಅಂತೀರಲ್ಲ, ಗಾಡಿ ಎತ್ತು ಕೇಳಿಬಿಟ್ಟಾರು ನೋಡ್ರಿ," ಎಂದ. ಆಗ ಧೈರ್ಯ ಮಾಡಿ, "ಸರ್, ಮಕ್ಕಳಿಗೆ ಉಕ್ತಲೇಖನ ಕೊಡುವ ಹಾಗೆ ಮಾತಾಡಿದರೆ ನನಗೆ ಅನುಕೂಲ," ಎಂದೆ.

ಅವರ ಮುಖ ಅರಳಿತು. ತಾವೂ ಒಂದು ಕಾಲದಲ್ಲಿ ಹಳ್ಳಿಯ ಒಂದೇ ಕೋಣೆಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರಂತೆ. ಅಲ್ಲಿಂದ ಮುಂದೆ ಅವರ ಜೀವನ ಚರಿತ್ರೆಯನ್ನೆಲ್ಲ ಉಕ್ತಲೇಖನವಾಗಿ ಹೇಳಿದರು, ಕಾಮಾ ಫುಲ್‌ಸ್ಟಾಪ್ ಸಮೇತ. ನಾನು ಕೇಳಿದ್ದು ಇಷ್ಟು. ತಂದೆ ರೈತ, ಮುಸುಕಿನ ಜೋಳ ಬೆಳೆಯುತ್ತಿದ್ದವರು. ಮಗ ಹಸುವಿನ ಹಾಲು ಕರೆಯುತ್ತ ಗ್ರೀಕ್ ಭಾಷೆಯನ್ನು ಬಾಯಿಪಾಠ ಮಾಡಿದ. ಆ ಹಸುಗಳಿಗೂ ಅಷ್ಟಿಷ್ಟು ಬಂದಿರಬೇಕು. ಮುಂದೆ ಗ್ರೀಕ್ ಪಂಡಿತನಾದ. ಹಳೆಯ ಪ್ರೆಸಿಡೆಂಟರು ತೀರಿಕೊಂಡಾಗ ವಿಶ್ವವಿದ್ಯಾನಿಲಯದ ಹಿರಿಯರು, ಯಾರ ಜೊತೆಗೂ ಜಗಳ ಆಡದವನು ಯಾರು ಎಂದು ಹುಡುಕಿದರು. "ಜಗಳ ಆಡದೆ ಇದ್ದದ್ದು ಒಳ್ಳೆಯತನದಿಂದಲ್ಲ, ಕಾಮಾ, ನನಗೆ ಬಿಡುವಿರಲಿಲ್ಲ, ಫುಲ್‌ಸ್ಟಾಪ್," ಎಂದರು ಪ್ರೆಸಿಡೆಂಟರು. ಆಮೇಲೆ ಗ್ರೀಕ್ ಪುಸ್ತಕ ಮುಟ್ಟಿದ್ದೇ ಇಲ್ಲ. ಕಟ್ಟಡಗಳಿಗೆ ತಳಗಲ್ಲು ಇಡುವುದು, ದಾನಿಗಳ ಪಕ್ಕ ಕೂತು ಊಟ ಮಾಡುವುದು, ತೆಂಕಣ ಕಿಟಕಿಯ ಕೋಣೆ ತನಗೇ ಬೇಕೆನ್ನುವ ಪಂಡಿತರನ್ನು ಸಮಾಧಾನ ಮಾಡುವುದು, ಚೆಂಡಾಟದಲ್ಲಿ ಮೂಗು ಮುರಿದುಕೊಂಡ ವಿದ್ಯಾರ್ಥಿಗಳ ತಾಯಂದಿರಿಗೆ ಕಾಗದ ಬರೆಯುವುದು, ಇದೇ ಕೆಲಸ. ಲೋಕದ ವಿದ್ಯೆಯೆಲ್ಲ ತಲೆಯಲ್ಲಿರುವ ಒಬ್ಬ ಋಷಿಯನ್ನು ನಾನು ಕಲ್ಪಿಸಿಕೊಂಡಿದ್ದೆ. ನಮ್ಮ ಊರಿನ ಶ್ಯಾನುಭೋಗರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಸಿದ್ದಾಪುರದಲ್ಲಿ ತಿಪ್ಪಕ್ಕನ ಮನೆಯ ಮುಂದೆ ಗಾಡಿ ಬಿಟ್ಟೆವು. ತಿಪ್ಪಕ್ಕನಿಗೆ ಆಗ ಇಪ್ಪತ್ತೈದಿರಬಹುದು. ಗಂಡ ಕುರಿಯ ಹಿಂದೆ, ಊರು ಅವಳ ಹಿಂದೆ ಎನ್ನುವ ಹಾಗಿದ್ದಳು. ದೊರೆಗೆ ಬಿಸಿ ರೊಟ್ಟಿಯನ್ನೂ ಚಟ್ನಿಯನ್ನೂ ಕೊಟ್ಟಳು. ಅವರು ತುಂಬ ವಿನಯದಿಂದ ತೆಗೆದುಕೊಂಡರು. ಆಮೇಲೆ ಅಕ್ಷರಗುಂಡಿಗೆ ಹೋದೆವು. ಪ್ರೆಸಿಡೆಂಟರು ಬಂಡೆಯ ಮುಂದೆ ಮಂಡಿಯೂರಿ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಸವರಿದರು. ರಾಜನು ಏನು ಹೇಳಿದ್ದಾನೆ ಎಂದು ಓಬಣ್ಣ ಕೇಳಿದ. ಪ್ರೆಸಿಡೆಂಟರಿಂದ ತಿಳಿದುಕೊಂಡು, ತಂದೆತಾಯಿಯ ಮಾತು ಕೇಳು, ಗುರುವಿಗೆ ಮರ್ಯಾದೆ ಕೊಡು, ನಿಜ ಹೇಳು ಎಂದಿದೆ ಎಂದೆ. "ಅಷ್ಟೇನಾ? ನಾನು ನಿಧಿ ಎಲ್ಲೈತೆ ಅಂತ ಬರ್ದಾರೆ ಅಂದ್ಕಂಡಿದ್ದೆ," ಎಂದು ಅವನು ಬೀಡಿ ಹಚ್ಚಿದ. ಪ್ರೆಸಿಡೆಂಟರು ಮಾತ್ರ ಆ ಕೊನೆಯ ಮಾತಿನ ಹತ್ತಿರ ಬೆರಳನ್ನಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಬಿಸಿಲು ಹೆಚ್ಚಾಗಿ ಬೆಟ್ಟ ಹತ್ತುವುದನ್ನು ಸಂಜೆಗೆ ಇಟ್ಟುಕೊಂಡು ಊರಿಗೆ ಮರಳಿದೆವು.

ಬೇವಿನಕಟ್ಟೆಯ ಮುಂದೆ ಕರಿಕಂಬಳಿ ಹಾಸಿತ್ತು. ಒಂದು ಮೂಲೆಯಲ್ಲಿ ನೀರಿನ ಚೊಂಬು, ಇನ್ನೊಂದು ಮೂಲೆಯಲ್ಲಿ ಧೂಪದ ಕೆಂಡ. ಊರ ಯಜಮಾನ ಪಾಲಯ್ಯನವರು ಕಟ್ಟೆಯ ಮೇಲೆ ಕೂತಿದ್ದರು. ಆ ದಿನ ಒಂದು ಟಗರಿನ ನ್ಯಾಯವಿತ್ತು. ಒಂದೇ ಟಗರನ್ನು ಇಬ್ಬರು ಅಣ್ಣತಮ್ಮಂದಿರು ತನ್ನದು ತನ್ನದು ಎನ್ನುತ್ತಿದ್ದರು. ಟಗರನ್ನೂ ಸಾಕ್ಷಿಗೆಂದು ಬೇವಿಗೆ ಕಟ್ಟಿದ್ದರು. ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದ ಪ್ರೆಸಿಡೆಂಟರು, ತಮಗೇ ಹಾಸಿದ್ದಾರೆಂದು ತಿಳಿದು, ಟೋಪಿ ತೆಗೆದು, ಎಲ್ಲರಿಗೂ ನಮಸ್ಕಾರ ಮಾಡಿ, ಕಂಬಳಿಯ ನಟ್ಟನಡುವೆ ಕೂತುಬಿಟ್ಟರು.

"ಕೂಸುನ್ನಾಡೇ!" ಎಂದು ತಿಪ್ಪಕ್ಕ ತೆಲುಗಿನಲ್ಲಿ ಉದ್ಗಾರ ತೆಗೆದಳು. ಕೂತೇಬಿಟ್ಟ ಎಂದು.

ಆ ಕಂಬಳಿಯ ಕಟ್ಟಳೆ ಹೀಗೆ. ಅದರ ಮೇಲೆ ಕರೆಯದೆ ಬಂದು ಕೂತವನಿಗೆ ಹೇಳಿಕೊಳ್ಳಲು ಒಂದು ನ್ಯಾಯವಿದೆ ಎಂದು ಅರ್ಥ. ಅದನ್ನು ಕೇಳಿ ತೀರ್ಮಾನ ಮಾಡುವ ತನಕ ಅವನನ್ನು ಎಬ್ಬಿಸುವಂತಿಲ್ಲ, ಬೇರೆ ನ್ಯಾಯ ನಡೆಸುವಂತಿಲ್ಲ. ಅವನು ದೊರೆಯಾಗಲಿ, ದನ ಕಾಯುವವನಾಗಲಿ, ಅಲ್ಲಿ ಕೂತಷ್ಟು ಹೊತ್ತು ಅವನನ್ನು ನೀನು ಎಂದೇ ಮಾತಾಡಿಸುವುದು. ಮುಖ್ಯವಾದ ಮಾತು, ಕಂಬಳಿಯನ್ನು ಮೈಯ ಯಾವ ಭಾಗ ಮುಟ್ಟಿದ್ದರೂ ಅಂಥವನು ಸುಳ್ಳು ಹೇಳಕೂಡದು.

"ಸರ್, ನೀವು ಈಗ ಫಿರ್ಯಾದಿ," ಎಂದು ವಿವರಿಸಿದೆ. ಪ್ರೆಸಿಡೆಂಟರು ಜೋರಾಗಿ ನಕ್ಕರು. ನಗು ಅರ್ಧಕ್ಕೆ ನಿಂತಿತು. ಕೋಟಿನ ಒಳಜೇಬಿಗೆ ಕೈ ಹಾಕಿ ಒಂದು ಲಕೋಟೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇದೆ, ಕಾಮಾ, ನನಗೂ ಒಂದು ನ್ಯಾಯವಿದೆ, ಫುಲ್‌ಸ್ಟಾಪ್," ಎಂದರು.

ಪಾಲಯ್ಯನವರು ಮೊದಲು ಕುಲಗೋತ್ರ ಕೇಳಿದರು. ದೊಡ್ಡ ಇಸ್ಕೂಲಿನ ಯಜಮಾನರು ಎಂದೆ.

"ಯಜಮಾನನಾ?" ಪಾಲಯ್ಯನವರು ಮುಂದಕ್ಕೆ ಬಾಗಿದರು. "ಹಂಗಾದ್ರೆ ನಮ್ಮ ಕಷ್ಟ ಗೊತ್ತೈತೆ ಇವನಿಗೆ. ಹೇಳಪ್ಪ."

ಪ್ರೆಸಿಡೆಂಟರು ಹೇಳಿದರು, ನಾನು ಕನ್ನಡ ಮಾಡಿದೆ. ಒಬ್ಬ ಗಣಿಯ ಶ್ರೀಮಂತ ವಿಶ್ವವಿದ್ಯಾನಿಲಯಕ್ಕೆ ಒಂದು ದೊಡ್ಡ ಕಟ್ಟಡ ಕಟ್ಟಿಸಿಕೊಟ್ಟ. ಅದೇ ಕಟ್ಟಡದಲ್ಲಿ ನಿಂತು ಒಬ್ಬ ಮೇಷ್ಟ್ರು, ಆ ಶ್ರೀಮಂತನ ಗಣಿಗಳಲ್ಲಿ ಆಳುಗಳು ಕಲ್ಲು ಬಿದ್ದು ಸಾಯುತ್ತಿದ್ದಾರೆ, ಕೇಳುವವರಿಲ್ಲ ಎಂದು ಪಾಠ ಹೇಳಿದ. ಶ್ರೀಮಂತನಿಗೆ ಸಿಟ್ಟು ಬಂತು. ಆ ಮೇಷ್ಟ್ರನ್ನು ಓಡಿಸಿದರೆ ಇನ್ನೊಂದು ಕಟ್ಟಡ, ಇಲ್ಲವಾದರೆ ಇಲ್ಲ ಎಂದ. ಹಿರಿಯರೆಲ್ಲ ಓಡಿಸು ಎಂದರು. ಓಡಿಸುವ ಕಾಗದವೇ ಈ ಲಕೋಟೆ. ಮೊಳಕಾಲ್ಮೂರಿಗೆ ಮರಳಿದೊಡನೆ ಅಂಚೆಗೆ ಹಾಕಬೇಕು. ಫುಲ್‌ಸ್ಟಾಪ್.

ಆ ಕೊನೆಯ ಪದವನ್ನೂ ನಾನು ಕನ್ನಡಕ್ಕೆ ಜೊತೆಯಲ್ಲೇ ತಂದುಬಿಟ್ಟಿದ್ದೆ. ಪ್ರತಿ ಮಾತಿನ ಕೊನೆಗೂ ಅದು ಬರುವುದನ್ನು ಕೇಳಿದ ಜನ, ಅದು ಇವರ ಮನೆದೇವರ ಆಣೆಯಿರಬೇಕೆಂದು ಭಯಭಕ್ತಿಯಿಂದ ತಲೆ ಬಾಗಿಸುತ್ತಿದ್ದರು. ತಿದ್ದಬೇಕಾಗಿತ್ತು. ತಿದ್ದಲಿಲ್ಲ.

ಮೊದಲು ಬಾಯಿಬಿಟ್ಟವನು ಕಿಲಾರಿ ಬೋಸಯ್ಯ. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಎತ್ತುಗಳ ಜೊತೆ ಇದ್ದೂ ಇದ್ದೂ ಅವನೂ ಅವುಗಳ ಹಾಗೆ ನಿಧಾನವಾಗಿ ತಲೆ ಎತ್ತುತ್ತಿದ್ದ.

"ಆ ಮೇಷ್ಟ್ರು ಹೇಳಿದ್ದು ದಿಟಾನಾ, ಸುಳ್ಳಾ?"

ದಿಟ ಎಂದರು ಪ್ರೆಸಿಡೆಂಟರು.

"ಮುಗೀತಲ್ಲ! ಎಬ್ಬಿಸ್ರಿ ಇವನ್ನ, ನಮ್ಮ ಟಗರು ಬಿಸಿಲಾಗೈತೆ," ಎಂದ ಅಣ್ಣ.

"ನಮ್ಮ ಟಗರು ಅನ್ಬೇಡ ಲೇ, ನನ್ನ ಟಗರು," ಎಂದ ತಮ್ಮ.

"ಸುಮ್ಕಿರ್ರಲೇ!" ಎಂದು ಗದರಿಸಿ ಬೋಸಯ್ಯ ಪ್ರೆಸಿಡೆಂಟರ ಕಡೆ ತಿರುಗಿದ. "ನೋಡಪ್ಪ, ನಮ್ಮಲ್ಲೂ ಹರಕೆ ಹೊತ್ತು ದೇವರಿಗೆ ಕರು ಬಿಡ್ತಾರೆ. ಬಿಟ್ಟ ಮ್ಯಾಲೆ ಅದಕ್ಕೆ ಮೂಗುದಾರ ಇಲ್ಲ, ನೊಗ ಇಲ್ಲ. ಕೊಟ್ಟೋನು ಬಂದು ಒಂದು ದಿನಕ್ಕೆ ಗಾಡಿ ಕಟ್ತೀನಿ ಅಂದ್ರೂ ನಾನು ಕೊಡಲ್ಲ. ಹಗ್ಗ ಇಟ್ಕಂಡು ಕೊಟ್ರೆ ಅದು ಕೊಟ್ಟಂಗಾ?"

ಪ್ರೆಸಿಡೆಂಟರು ಯೋಚಿಸಿ ಕೇಳಿದರು: ಆ ಎತ್ತು ಕೊಟ್ಟವನನ್ನೇ ಹಾಯ್ದರೆ?

"ಹಾಯ್ದೈತೆ! ಗೌಡ್ರೊಬ್ರು ಕರು ಬಿಟ್ಟು, ಅದು ಎತ್ತಾದ ಮ್ಯಾಲೆ ಬೆನ್ನು ಸವರಕ್ಕೆ ಬಂದ್ರು. ಅವರ ಪಂಚೆ ಕೊಂಬಿಗೆ ಸಿಗಿಸ್ಕಂಡು ಹೋಗಿ ಗುಡ್ಡದ ಮ್ಯಾಲೆ ನಿಂತ್ಕಂತು. ನಾವು ಪಂಚೆ ತಂದು ಕೊಟ್ವಿ. ಎತ್ತಿಗೆ ಏನೂ ಅನ್ನಲಿಲ್ಲ. ಗೌಡ್ರು ಒಂದು ವಾರ ಈ ಕಡೆ ತಲೆ ಹಾಕ್ಲಿಲ್ಲ ಅಷ್ಟೇ."

ಇದನ್ನು ಇಂಗ್ಲಿಷಿಗೆ ತರುವಾಗ ಪಂಚೆಗೆ ಪದ ಸಿಗದೆ ಷರಾಯಿ ಎಂದೆ. ಪ್ರೆಸಿಡೆಂಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಗಣಿಯ ಶ್ರೀಮಂತನನ್ನು ಷರಾಯಿ ಇಲ್ಲದೆ ಕಂಡರೋ ಏನೋ.

ಆಗ ಪಾಲಯ್ಯನವರು ಕೈ ಎತ್ತಿದರು. "ಒಂದು ಕೇಳ್ರಿ ಮೇಷ್ಟ್ರೇ. ಈ ಕಾಗದ ಬರೆದ ಮ್ಯಾಲೆ ಇವನಿಗೆ ಅನ್ನ ಸೇರ್ತಾ ಐತಾ? ಮಾಡಿದ್ದು ತಪ್ಪು ಅಂತ ಹೊಟ್ಟೆಗೆ ಗೊತ್ತಾಗಿದ್ರೆ ನ್ಯಾಯ ಹೇಳಬೌದು. ಗೊತ್ತಾಗದೆ ಇದ್ರೆ ನಾವು ಹೇಳಿ ಏನು ಬಂತು, ಎದ್ದು ಹೋಗ್ಲಿ."

ಈಗ ಬಂತು ನೋಡಿ ನನ್ನ ಸರದಿ. ಲೋಕ ಸುತ್ತುವ ಒಬ್ಬ ದೊಡ್ಡ ಮನುಷ್ಯನಿಗೆ, ನಿನ್ನ ಮನಸ್ಸು ನಿನ್ನನ್ನು ಚುಚ್ಚುತ್ತಿದೆಯೋ ಇಲ್ಲವೋ ಎಂದು ಒಬ್ಬ ಹಂಗಾಮಿ ಮೇಷ್ಟ್ರು ಕೇಳುವುದೆ? ಅಮಲ್ದಾರರ ಮುಖ ಕಣ್ಣ ಮುಂದೆ ಬಂತು. "ಸರ್, ಇಲ್ಲಿಯ ಊಟ ನಿಮಗೆ ಒಗ್ಗಿತೆ ಎಂದು ಕೇಳುತ್ತಿದ್ದಾರೆ," ಎಂದೆ.

ಪ್ರೆಸಿಡೆಂಟರು ತಿಪ್ಪಕ್ಕನ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ಬಹಳ ಸೊಗಸಾಗಿತ್ತು ಎಂದರು.

"ಚೆನ್ನಾಗಿ ಸೇರ್ತೈತಂತೆ," ಎಂದೆ ನಾನು.

ಕಟ್ಟೆಯ ಮೇಲಿದ್ದ ಮುಖಗಳೆಲ್ಲ ಒಂದೇ ಸಲ ಬಾಡಿದವು. ಬೋಸಯ್ಯ ತಲೆ ತಗ್ಗಿಸಿದ. ಪಾಲಯ್ಯನವರು ನಿಟ್ಟುಸಿರು ಬಿಟ್ಟು, "ಹಂಗಾದ್ರೆ ಎಬ್ಬಿಸ್ರಿ. ಕಾಗದ ಅಂಚೆಗೆ ಹಾಕ್ಲಿ," ಎಂದರು. ಅಣ್ಣತಮ್ಮಂದಿರು ಆ ದಿನ ಮೊದಲ ಸಲ ಒಟ್ಟಾಗಿ ಎದ್ದು ಟಗರಿನ ಹಗ್ಗ ಬಿಚ್ಚಿದರು. ಪ್ರೆಸಿಡೆಂಟರು ಏನೂ ತಿಳಿಯದೆ ಎಲ್ಲರನ್ನೂ ನೋಡಿ ನಗುತ್ತಿದ್ದರು. ಎಲ್ಲೋ ದೂರದಲ್ಲಿ ಒಬ್ಬ ಮೇಷ್ಟ್ರು, ನನ್ನ ಹಾಗೇ ಸೀಮೆಸುಣ್ಣದ ಪುಡಿ ಕೈಗೆ ಹತ್ತಿಸಿಕೊಂಡವನು, ತನ್ನ ಕೆಲಸ ಈಗ ಹೋಗುತ್ತಿದೆ ಎಂದು ತಿಳಿಯದೆ ಇದ್ದ.

"ಇರ್ರಿ ಇರ್ರಿ," ಎಂದಳು ತಿಪ್ಪಕ್ಕ. "ನಾನು ಕೊಟ್ಟ ರೊಟ್ಟೀನ ಬೆಳಿಗ್ಗೆ ಈ ದೊರೆ ಕದ್ದು ಓಬಣ್ಣನ ಎತ್ತಿಗೆ ತಿನ್ನಿಸ್ದ. ನಾನೇ ಕಂಡೀನಿ. ಒಂದು ತುತ್ತು ಬಾಯಿಗೆ ಹಾಕ್ಲಿಲ್ಲ. ಅನ್ನ ಸೇರ್ತೈತೆ ಅಂತ ಕಂಬಳಿ ಮ್ಯಾಲೆ ಕುಂತು ಸುಳ್ಳು ಹೇಳ್ತಾನಾ?" ಸ್ವಲ್ಪ ತಡೆದು ನನ್ನ ಕಡೆ ನೋಡಿದಳು. "ಇಲ್ಲಾ, ಸುಳ್ಳು ಬ್ಯಾರೆ ಬಾಯಿಂದ ಬಂತಾ? ಮೇಷ್ಟ್ರ ಕಾಲು ಎಲ್ಲೈತೆ ನೋಡ್ರಿ."

ಎಲ್ಲರೂ ನನ್ನ ಕಾಲನ್ನು ನೋಡಿದರು. "ಎರಡು ಬೆರಳು ಆಚೆಗೇ ಇದೆ!" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನ್ನಿಸಿತು. ಕಾಯಂ ಆಗುವುದಿಲ್ಲವೆಂದು ಖಚಿತ ಮಾಡಿಕೊಂಡು, ಪಾಲಯ್ಯನವರ ಪ್ರಶ್ನೆಯನ್ನು ಇದ್ದಂತೆ, ಒಂದು ಅಕ್ಷರವೂ ಬಿಡದೆ, ಇಂಗ್ಲಿಷಿನಲ್ಲಿ ಕೇಳಿದೆ.

ಪ್ರೆಸಿಡೆಂಟರು ತೊಡೆಯ ಮೇಲಿನ ಲಕೋಟೆಯನ್ನು ಮಗುಚಿ ಇಟ್ಟರು. ಆಮೇಲೆ ಕಾಮಾ ಇಲ್ಲದೆ ಹೇಳಿದರು. ಕಾಗದವನ್ನು ಹಡಗಿನಲ್ಲಿ ಬರೆದರಂತೆ. ಅಂದಿನಿಂದ ಅನ್ನ ಸೇರಿಲ್ಲ. ಮುಂಬಯಿಯಲ್ಲಿ ಅಂಚೆಯಿತ್ತು, ಬೆಂಗಳೂರಿನಲ್ಲಿ ಅಂಚೆಯಿತ್ತು. ಎಲ್ಲ ಊರಿನಲ್ಲೂ ಲಕೋಟೆಯನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗೇ ಇಟ್ಟಿದ್ದರು.

ನಾನು ಕನ್ನಡ ಮಾಡಿ ಮುಗಿಸಿದಾಗ ಪಾಲಯ್ಯನವರು ಕಟ್ಟೆಯಿಂದ ಇಳಿದು ಬಂದು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ಕೇಳಪ್ಪ ಯಜಮಾನ. ಕೊಟ್ಟೋನು ಹಗ್ಗ ಬಿಡಬೇಕು. ಆ ಎತ್ತು ಹಟ್ಟಿಯಾಗೇ ಇರಬೇಕು. ಇನ್ನೊಂದು ಮನೆ ಕಟ್ಟಿಸಿಕೊಡಲಿಲ್ಲಾಂದ್ರೆ ಹುಡುಗರು ಮರದ ಕೆಳಗೆ ಕುಂತು ಓದ್ಲಿ, ನಿಮ್ಮೂರಾಗೆ ಮರ ಇಲ್ವಾ?" ಎಂದು, ಅತ್ಯಂತ ಗಂಭೀರವಾಗಿ ಕಣ್ಣು ಮುಚ್ಚಿ ಸೇರಿಸಿದರು: "ಫುಲ್‌ಸ್ಟಾಪ್."

ಪ್ರೆಸಿಡೆಂಟರು ಲಕೋಟೆಯನ್ನು ಪಕ್ಕದಲ್ಲೇ ನಿಂತಿದ್ದ ಟಗರಿನ ಮೂತಿಗೆ ಹಿಡಿದರು. ಟಗರು ಮೂಸಿ ನೋಡಿ ಮುಖ ತಿರುಗಿಸಿತು. "ಅದಕ್ಕೂ ಬ್ಯಾಡಂತೆ," ಎಂದಳು ತಿಪ್ಪಕ್ಕ. ಕೊನೆಗೆ ಅವರೇ ಅದನ್ನು ನಾಲ್ಕು ಹೋಳು ಮಾಡಿ ಧೂಪದ ಕೆಂಡಕ್ಕೆ ಹಾಕಿದರು. ಆಮೇಲೆ ತಿಪ್ಪಕ್ಕನ ಜಗಲಿಯಲ್ಲಿ ಕೂತು ನವಣೆ ಅನ್ನವನ್ನೂ ಹುರುಳಿ ಸಾರನ್ನೂ ಮೂರು ಸಲ ಬಡಿಸಿಕೊಂಡು ಉಂಡರು. ಉಂಡ ಭಾರಕ್ಕೆ ಸಂಜೆ ಬೆಟ್ಟ ಹತ್ತಲಾಗಲಿಲ್ಲ. ಟೋಪಿ ಮರೆತದ್ದೂ ಆಗಲೇ. ನಾನು ಮೊಳಕಾಲ್ಮೂರಿಗೆ ಬಂದಾಗ ಅಮಲ್ದಾರರು ಕೇಳಿದ್ದು ಒಂದೇ ಪ್ರಶ್ನೆ: "ದೊರೆ ಊಟ ಮಾಡಿದರೇ?" ಮಾಡಿದರು ಎಂದೆ. ನಾನು ಕಾಯಂ ಆದದ್ದು ಆ ಒಂದು ಉತ್ತರದಿಂದ.

ಮುಂದಿನ ವರ್ಷ ಅಮೇರಿಕದಿಂದ ನನ್ನ ಹೆಸರಿಗೆ ಒಂದು ಕಾಗದ ಬಂತು. ಅದನ್ನು ಸಿದ್ದಾಪುರಕ್ಕೆ ಒಯ್ದು ಕಟ್ಟೆಯ ಮುಂದೆ ಓದಿದೆ. ಮೇಷ್ಟ್ರು ಉಳಿದರಂತೆ. ಹಿರಿಯರು ಮೇಷ್ಟ್ರ ಬದಲು ಪ್ರೆಸಿಡೆಂಟರನ್ನೇ ಇಳಿಸಿದರಂತೆ. ಈಗ ಒಂದು ಸಣ್ಣ ಊರಿನ ಸ್ಕೂಲಿನಲ್ಲಿ ಹುಡುಗರಿಗೆ ಗ್ರೀಕ್ ಹೇಳಿಕೊಡುತ್ತಿದ್ದಾರೆ. ಹಸಿವು ಚೆನ್ನಾಗಿದೆ. ಫುಲ್‌ಸ್ಟಾಪ್.

ಎಲ್ಲರೂ ಪದ್ಧತಿಯಂತೆ ತಲೆ ಬಾಗಿಸಿದರು. ಪಾಲಯ್ಯನವರು ಮಾತ್ರ ಕೆಂಪಗಾದರು. "ನಾವು ಎತ್ತು ಇರ್ಲಿ ಅಂದ್ವಿ. ಕಿಲಾರಿ ಹೋಗ್ಲಿ ಅಂದಿದ್ವಾ? ಕರೆಸ್ರಿ ಆ ಹಿರಿಯರನ್ನ, ಕಂಬಳಿ ಹಾಸನಾ!" ಕರೆಸುವ ಕಾಗದವನ್ನು ನಾನೇ ಬರೆದೆ, ಇಂಗ್ಲಿಷಿನಲ್ಲಿ. ಅವರು ಬರಲಿಲ್ಲ.

ಒಬ್ಬ ಮನುಷ್ಯನ ದೊಡ್ಡ ಪದವಿ ನನ್ನ ಬಾಯಿಯ ಮೂಲಕ ಹೋಯಿತು. ನನ್ನ ಮೊದಲನೆಯ ಪ್ರಶ್ನೆಯೇ ನಿಂತಿದ್ದರೆ ಅವರು ಸಾಯುವ ತನಕ ಪ್ರೆಸಿಡೆಂಟರಾಗಿ ತಳಗಲ್ಲು ಇಡುತ್ತಿದ್ದರು, ಉಪವಾಸ. ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ನಡುಕ ಬರುವುದು ಅದಕ್ಕಲ್ಲ.

ಇಷ್ಟು ಬರೆದು ಎದ್ದು ಜಗಲಿಗೆ ಹೋದೆ. ಕಂಬಳಿ ಅಲ್ಲೇ ಹಾಸಿತ್ತು. ಎರಡು ಕಾಲನ್ನೂ ಅದರ ಮೇಲಿಟ್ಟು ಕೂತೆ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಇಲ್ಲಿ ಕೂತು ಮೊದಲನೆಯ ಸಾಲನ್ನು ತಿದ್ದುತ್ತಿದ್ದೇನೆ. ಎರಡು ಬೆರಳು ಈಚೆಗೆ ಎಂದು ಬರೆದೆನಲ್ಲ, ಅದು ಸರಿಯಲ್ಲ. ಎರಡು ಬೆರಳು ಇದ್ದದ್ದು ನಿಜ, ಆದರೆ ಅವು ನನ್ನ ಬಲಗಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ್ದು, ಎಲ್ಲರೂ ತಿರುಗಿ ನೋಡುವ ತನಕ ಇದ್ದದ್ದು ಕಂಬಳಿಯ ಮೇಲೆ.

ಪಾಲಯ್ಯನವರೂ ಬೋಸಯ್ಯನೂ ತೀರಿಕೊಂಡರು. ಅಣ್ಣತಮ್ಮಂದಿರೂ ಇಲ್ಲ, ಟಗರು ಯಾರದೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಓಬಣ್ಣ ದೊಡ್ಡಉಳ್ಳಾರ್ತಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಅವನನ್ನು ಕೇಳಿದರೆ ಮೇಷ್ಟ್ರ ಕಾಲು ಆಚೆಗೇ ಇತ್ತು ಎನ್ನುತ್ತಾನೆ. ಅವನು ನನ್ನ ಸ್ನೇಹಿತ, ನಂಬಬೇಡಿ. ತಿಪ್ಪಕ್ಕ ಸಿದ್ದಾಪುರದಲ್ಲೇ ಇದ್ದಾಳೆ, ಕಣ್ಣು ಇನ್ನೂ ಚುರುಕಾಗಿದೆ. ಅವಳನ್ನು ಕೇಳಿ.